ತೇಪೆ ಹಾಕಿದ ರೆಕ್ಕೆ

ನನ್ನ ಭಾವನ ಬಲಗೈ ನಡುಬೆರಳಿನ ಗೆಣ್ಣು ಕಾಯಿಕಟ್ಟಿ ಕಪ್ಪಗಾಗಿತ್ತು. ಕಂಡದ್ದನ್ನೆಲ್ಲ ಅದರಿಂದ ಕುಟ್ಟಿ ನೋಡುವುದು ಅವರ ಅಭ್ಯಾಸ. ತೆಂಗಿನಕಾಯಿ, ಹಾಲಿನ ಕ್ಯಾನು, ಯಾರದೋ ಹೊಸ ಕಾರಿನ ಬಾಗಿಲು, ಯಾವುದನ್ನೂ ಬಿಡದೆ ಟಕ್ ಟಕ್ ಎನ್ನಿಸಿ, ತಲೆ ಓರೆ ಮಾಡಿ ಕೇಳುತ್ತಿದ್ದರು. ಅಕ್ಕನ ಮದುವೆಯ ದಿನ ಊಟದ ಪಂಕ್ತಿಯಲ್ಲಿ ನನ್ನ ತಲೆಗೂ ಒಂದು ಕುಟ್ಟಿ, "ಒಳಗೇನೋ ಐತೆ ಕಣಮ್ಮಿ, ಓದ್ಸಬೌದು" ಅಂದಿದ್ದರು. ತಮಾಷೆ ಅಂದುಕೊಂಡೆ. ಅಪ್ಪನಿಲ್ಲದ ನನ್ನನ್ನು ಪಾಂಡವಪುರದ ತಮ್ಮ ಮನೆಯಲ್ಲೇ ಇಟ್ಟುಕೊಂಡು ಕೆ.ಆರ್. ಪೇಟೆಯ ಕಾಲೇಜಿಗೆ ಸೇರಿಸಿದರು. ಬಸ್ಸು ತಪ್ಪಿದ ದಿನ ಹಾಲಿನ ವ್ಯಾನಿನಲ್ಲೇ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದರು. ಇವತ್ತು ಅದೇ ಊರಿನಲ್ಲಿ ಟೀಚರಾಗಿದ್ದೇನೆ ಅಂದರೆ ಅದು ಅವರಿಂದ.

ಹಸು ಕಟ್ಟಿಕೊಂಡು ಹಾಲು ಸಾಗಿಸುತ್ತಿದ್ದ ಈ ಮನುಷ್ಯ ಹರೆಯದಲ್ಲಿ ವಿಮಾನ ಹಾರಿಸಲು ಕಲಿತಿದ್ದರು ಅಂದರೆ ಯಾರೂ ನಂಬುತ್ತಿರಲಿಲ್ಲ. ಪೈಲಟ್ ಕೆಲಸ ಸಿಗದೆ ಊರಿಗೆ ಬಂದಿದ್ದರು. ಆದರೂ ಆಕಾಶದಲ್ಲಿ ಸದ್ದಾದರೆ ಸಾಕು, ಮುದ್ದೆಯ ತುತ್ತು ಕೈಯಲ್ಲಿ ಹಿಡಿದೇ ಅಂಗಳಕ್ಕೆ ಓಡುತ್ತಿದ್ದರು. "ಮುದ್ದೆ ಆರೋಯ್ತದೆ, ಬನ್ರೀ" ಎಂದು ಅಕ್ಕ ಕೂಗುವುದು, "ಬಂದೆ ಬುಡು" ಎಂದು ಅವರು ಅಲ್ಲೇ ನಿಲ್ಲುವುದು ದಿನಾ ಇದ್ದದ್ದೇ. ಬಾಬುರಾಯನಕೊಪ್ಪಲಿನ ಹತ್ತಿರ ಇದ್ದ ತುಂಡು ಜಮೀನು ರಸ್ತೆಗೆ ಹೋಗಿ ಪರಿಹಾರ ಬಂದಾಗ ಅಕ್ಕ, ಕೊಟ್ಟಿಗೆಯ ಸೂರು ಸರಿ ಮಾಡಿಸೋಣ ಅಂದಳು. ಭಾವ ಹಳೆಯ ವಿಮಾನ ನೋಡಲು ತಮಿಳುನಾಡಿಗೆ ಹೋದರು.

ಇಬ್ಬರು ಕೂರುವಷ್ಟು ಪುಟ್ಟ ವಿಮಾನ. ಮಾರುವವನು ಏನನ್ನೂ ಮುಚ್ಚಿಡಲಿಲ್ಲ. ಹಿಂದೊಮ್ಮೆ ಗದ್ದೆಗೆ ಇಳಿದು ಎಡ ರೆಕ್ಕೆಗೆ ಪೆಟ್ಟಾಗಿತ್ತು, ರಿಪೇರಿ ಮಾಡಿಸಿದ್ದೇನೆ ಅಂದನಂತೆ. ಪರೀಕ್ಷೆ ಮಾಡುವ ಇಂಜಿನಿಯರು ಮಾರನೆಯ ದಿನ ಬರುವವನಿದ್ದ. ಅಷ್ಟರಲ್ಲಿ ಮಾರುವವನು ಕೀ ಚಾಚಿದ. ಭಾವ ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅಲ್ಲಿಗೆ ಮುಗಿಯಿತು. ಅವರಪ್ಪ ಈ ಸೀಮೆಯಲ್ಲಿ ಹೆಸರಾದ ಎತ್ತಿನ ವ್ಯಾಪಾರಿ. ಬಾಯಿ, ಗೊರಸು, ಸುಳಿ ಏನು ನೋಡುವುದಿದ್ದರೂ ಹಗ್ಗ ಕೈಗೆ ಬರುವ ಮೊದಲೇ ನೋಡಬೇಕು. ಹಗ್ಗ ಹಿಡಿದ ಮೇಲೆ ತಕರಾರು ತೆಗೆದವನನ್ನು ಆ ಮನೆಯಲ್ಲಿ ಮನುಷ್ಯ ಅಂತಲೇ ಎಣಿಸುತ್ತಿರಲಿಲ್ಲ. ಭಾವ ವಿಮಾನವನ್ನೂ ಹಾಗೇ ಕೊಂಡರು.

ರೆಕ್ಕೆ ಬಿಚ್ಚಿ ಲಾರಿಯಲ್ಲಿ ತಂದರು. ನಾಗಮಂಗಲದ ಆಚೆ ಸ್ನೇಹಿತರೊಬ್ಬರು ತಮ್ಮ ಬಯಲಿನಲ್ಲಿ ಸಣ್ಣ ರನ್‌ವೇ ಮಾಡಿಕೊಂಡಿದ್ದರು, ಅಲ್ಲಿಯ ತಗಡಿನ ಶೆಡ್ಡಿನಲ್ಲಿ ಇಳಿಸಿ ಜೋಡಿಸಿದರು. ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದರು. ಎಡ ರೆಕ್ಕೆಯ ಬುಡದಲ್ಲಿ ಅಂಗೈಯಗಲದ ತೇಪೆ. ಅಷ್ಟು ಜಾಗದಲ್ಲಿ ಮಾತ್ರ ಬಣ್ಣ ಹೊಸದು. ಭಾವ ಬಲ ರೆಕ್ಕೆ ಕುಟ್ಟಿ ಕೇಳಿದರು. ಎಡ ರೆಕ್ಕೆ ಕುಟ್ಟಿದರು. ಮತ್ತೊಮ್ಮೆ ಕುಟ್ಟಿದರು. ತಲೆ ಓರೆ ಮಾಡಿದವರು ಹಾಗೇ ಕೈ ಹಿಂದಕ್ಕೆ ತೆಗೆದುಕೊಂಡರು. ಆ ಸದ್ದು ಬೇರೆ ಎಂದು ನನಗೂ ಗೊತ್ತಾಯಿತು.

ಜೋಡಿಸಿಕೊಟ್ಟ ಇಂಜಿನಿಯರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ: "ಈ ತೇಪೆ ತೆಗೆದು ಒಳಗಿರೋ ತೊಲೆ ನೋಡದೆ ಹಾರಿಸ್ಬೇಡಿ ಸಾರ್. ನಾನಂತೂ ಸಹಿ ಹಾಕಲ್ಲ."

ಅವನು ಹೋದ ಮೇಲೆ ನಾನು ಜಗಳಕ್ಕೇ ನಿಂತೆ. "ಬಿಚ್ಚಿಸಿ ನೋಡಿದ್ರೆ ನಿಮ್ ಗಂಟೇನ್ ಹೋಯ್ತದೆ ಭಾವ?"

"ಒಳಗೆ ಕೆಟ್ಟಿದ್ರೆ ಮಾರ್ದ ಆವಯ್ಯನ್ನ ಓಗಿ ಕೇಳ್ಬೇಕಾಯ್ತದೆ ಕಣಮ್ಮಿ. ಕೈಯೊಡ್ಡಿ ಈಸ್ಕಂಡಿವ್ನಿ. ಈಗ ಯಾವ್ ಮುಖ ಇಟ್ಕಂಡು ಕೇಳ್ಲಿ?"

"ಅದೇನ್ ಎತ್ತಾ? ಎತ್ತು ಕುಂಟಿದ್ರೆ ನೆಲದ್ ಮೇಲಾದ್ರೂ ನಿಂತ್ಕತದೆ."

"ಸುಮ್ಕಿರಮ್ಮಿ" ಅಂದರು. ಹಠಕ್ಕೆ ಬಿದ್ದರೆ ಬ್ರಹ್ಮ ಬಂದರೂ ಕೇಳುವವರಲ್ಲ. ಆದರೆ ಆ ವಾರವೆಲ್ಲ ಊಟಕ್ಕೆ ಕೂತಾಗ ಮೇಲೆ ಸದ್ದಾದರೂ ತಲೆ ಎತ್ತಲಿಲ್ಲ. ಒಂದು ಸಂಜೆ ಯಾರನ್ನೂ ಕರೆಯದೆ ಕರಿಘಟ್ಟಕ್ಕೆ ಹೋಗಿ ಬಂದು, ಅಕ್ಕನ ಕೈಗೆ ಪ್ರಸಾದ ಕೊಟ್ಟು ಹಸುಗಳ ಹತ್ತಿರ ಹೋಗಿ ಕೂತುಬಿಟ್ಟರು.

ಮನೆಗೆ ಯಾವ ವಾಹನ ಬಂದರೂ ಮೊದಲ ಸುತ್ತಿಗೆ ಮನೆಯ ಹೆಂಗಸನ್ನು ಕೂರಿಸುವುದು ಅವರ ಕಡೆಯ ಪದ್ಧತಿ. ಟ್ರಾಕ್ಟರು ಬಂದಾಗ ಅವರಮ್ಮ ಕೂತಿದ್ದರಂತೆ. ಶುಕ್ರವಾರ ಬೆಳಿಗ್ಗೆ ಅಕ್ಕ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಹೊರಟಳು. ನೆಂಟರೆಲ್ಲ ಬಯಲಿಗೆ ಬಂದಿದ್ದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. ಬೇಡ ಕಣಕ್ಕ ಎಂದು ಅವಳ ಕೈ ಹಿಡಿದು ಎಳೆದೆ. "ಅವರಿಗಿಂತ ನಿಂಗೊತ್ತಾ" ಎಂದು ಕೊಸರಿಕೊಂಡು ಹತ್ತಿದಳು. ಬೆಲ್ಟು ಹಾಕಿದ್ದಾಯಿತು. ಇಂಜಿನ್ ಶುರುವಾಯಿತು. ಇಡೀ ವಿಮಾನ ನಡುಗುತ್ತಿತ್ತು. ಭಾವ ಎಡ ರೆಕ್ಕೆಯನ್ನೇ ನೋಡುತ್ತ ಕೂತಿದ್ದರು.

ಇದ್ದಕ್ಕಿದ್ದಂತೆ ಇಂಜಿನ್ ನಿಲ್ಲಿಸಿದರು. ತಾವೇ ಅಕ್ಕನ ಬೆಲ್ಟು ಬಿಚ್ಚಿದರು. "ಇಳ್ಕೋ. ಒಂದ್ ಸುತ್ತು ಒಬ್ನೇ ಹಾಕ್ಕಂಡ್ ಬತ್ತೀನಿ. ಆಮ್ಯಾಕೆ ನೀನು."

"ಪದ್ಧತಿ ಮುರೀಬಾರ್ದು ಕಣ್ರೀ. ಎಲ್ರೂ ನೋಡ್ತಾವ್ರೆ."

"ಇಳಿ ಅಂದ್ರೆ ಇಳಿ." ಅಕ್ಕನ ಮೇಲೆ ಅವರು ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಕ್ಕನ ಮುಖ ಸಣ್ಣದಾಯಿತು. ಇಳಿದು ಬಂದು, ವಿಮಾನಕ್ಕೆ ಬೆನ್ನು ಮಾಡಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿಮಾನ ಚೆನ್ನಾಗಿಯೇ ಎದ್ದಿತು. ನೆಂಟರು ಚಪ್ಪಾಳೆ ತಟ್ಟಿದರು. ಹುಣಸೆಮರಗಳ ಮೇಲೆ ತಿರುಗುವಾಗ ಎಡ ರೆಕ್ಕೆ ಬುಡದಲ್ಲೇ ಮಡಚಿಕೊಂಡಿತು. ಅಕ್ಕ ತಿರುಗಿ ನೋಡುವಷ್ಟರಲ್ಲಿ ಆಕಾಶದಲ್ಲಿ ಏನೂ ಇರಲಿಲ್ಲ. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ ತಾಲ್ಲೂಕೆಲ್ಲ ಓಡಾಡಿತು. ನಾನು ನೋಡಿಲ್ಲ, ನೋಡುವುದೂ ಇಲ್ಲ.

ತಿಥಿಯ ದಿನ ಮಾರಿದವನು ಬಂದಿದ್ದ. ಭಾವನ ಫೋಟೊದ ಮುಂದೆ ಕುಸಿದು ಕೂತು ಅತ್ತ. ಒಂದು ಫೋನು ಮಾಡಿದ್ದರೆ ನಾನೇ ಲಾರಿ ಕಳಿಸಿ ವಾಪಸ್ ತರಿಸಿಕೊಳ್ಳುತ್ತಿದ್ದೆ, ಯಾಕೆ ಕೇಳಲಿಲ್ಲ ಅಂದ. ನನಗೆ ಬಂದ ಸಿಟ್ಟೆಲ್ಲ ಭಾವನ ಮೇಲೆ. ಇವತ್ತಿಗೂ ಇದೆ. ಗೊತ್ತಿದ್ದೂ ಗೊತ್ತಿದ್ದೂ ಹೋದರಲ್ಲ.

ಅಕ್ಕ ಈಗ ನನ್ನ ಜೊತೆ ಇದ್ದಾಳೆ. ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಡಬ್ಬಿ ಕಟ್ಟಿಕೊಡುತ್ತ, "ಅಷ್ಟ್ ಜನದ್ ಮುಂದೆ ನನ್ನ ಇಳಿಸ್ಬುಟ್ರಲ್ಲ" ಎಂದು ಆಗಾಗ ಗೊಣಗುತ್ತಾಳೆ. ಗುರುತಿಲ್ಲದವನ ಮುಂದೆ ಮಾತು ತಪ್ಪಲಾರದ ಮನುಷ್ಯ ಹೆಂಡತಿಗಾಗಿ ಮನೆಯ ಪದ್ಧತಿಯನ್ನೇ ಮುರಿದರು. ಅದನ್ನು ಅವಳಿಗೆ ಬಿಡಿಸಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಗೊಣಗಲಿ ಬಿಡು ಅಂದುಕೊಂಡು, ಅವಳ ಕೈಯಿಂದ ಡಬ್ಬಿ ಇಸಿದುಕೊಂಡು ಹೊರಡುತ್ತೇನೆ.