ತಿರುವಿನಲ್ಲಿ ಎದುರಾದ ಲಾರಿ

ಟೌರಂಗಾ ಎಂಬ ಊರಿಗೆ ಹೋಗುವ ದಾರಿಯಲ್ಲಿ ಒಂದು ಅವಕಾಡೊ ಅಂಗಡಿಯ ಮುಂದೆ ನಿಂತಿದ್ದೇವೆ. ಮಾರುವವರೇ ಇಲ್ಲ, ಹಣ್ಣು ತೆಗೆದುಕೊಂಡು ಡಬ್ಬಿಗೆ ಕಾಸು ಹಾಕಿ ಹೋಗಬೇಕಂತೆ. ಬೇರೆ ಹೊತ್ತಾಗಿದ್ದರೆ ಬೆರಗಾಗುತ್ತಿದ್ದೆ. ಈಗ ದಿಮ್ಮಿ ಹೊತ್ತು ಎದುರಿಗೆ ಬಂದ ಆ ಲಾರಿಯೇ ಕಣ್ಣಿಂದ ಸರಿಯುತ್ತಿಲ್ಲ.

ಕಾರು ಓಡಿಸುತ್ತಿದ್ದವರು ತಂಗಿ ನಳಿನಿಯ ಗಂಡ ಗಿರೀಶ್. ಮುಂದಿನ ತಿಂಗಳು ಲಾಸ್ ವೇಗಸ್‌ಗೆ ಹೋಗಿ ಕ್ರಾಪ್ಸ್ ಎಂಬ ದಾಳದ ಜೂಜಾಡುವ ಆಸೆ ಅವರಿಗೆ. ದಾರಿಯುದ್ದಕ್ಕೂ ಅದರದೇ ಪಾಠ.

"ತಗೊಂಡು ಹೋದ ದುಡ್ಡನ್ನ ದಿನಕ್ಕಿಷ್ಟು ಅಂತ ಪಾಲು ಮಾಡ್ಬೇಕು ಭಾವ. ಇವತ್ತಿನ ಪಾಲು ಹೋಯ್ತಾ, ಎದ್ದುಬಿಡ್ಬೇಕು. ಒಂದೇ ಸಲಕ್ಕೆ ಎಲ್ಲಾ ಕಟ್ಟೋನು ದಡ್ಡ. ಸೋತಿದ್ದನ್ನ ಬೇಗ ವಾಪಸ್ ತರ್ತೀನಿ ಅಂತ ಹೊರಟೋನು ಇನ್ನೂ ದಡ್ಡ."

ಹೀಗೆನ್ನುತ್ತಲೇ, ಕಾಫಿಗೆ ನಿಂತು ಕಳೆದ ಹೊತ್ತನ್ನು ಸರಿದೂಗಿಸಲು, ತಿರುವಿನಲ್ಲಿ ಮುಂದಿದ್ದ ಕ್ಯಾರವಾನ್ ಎಂಬ ಮನೆಗಾಡಿಯನ್ನು ದಾಟಲು ಹೊರಟರು. ಲಾರಿ ಎದುರಾಯಿತು. ಕ್ಯಾರವಾನಿನವನು ಬ್ರೇಕ್ ಒತ್ತಿ ಜಾಗ ಬಿಟ್ಟಿದ್ದರಿಂದ ಉಳಿದೆವು.

ಇಲ್ಲಿ ನಿಂತಮೇಲೂ ನಳಿನಿ ಕೂಗಾಡಲಿಲ್ಲ. ಪಕ್ಕದಲ್ಲಿ ಮಲಗಿದ್ದ ಮಗಳ ಸೀಟ್ ಬೆಲ್ಟನ್ನು ಒಮ್ಮೆ ಮುಟ್ಟಿ ನೋಡಿ, ಇಳಿದು ಬಂದು ಗಂಡನ ಮುಂದೆ ಕೈ ಚಾಚಿದಳು.

"ಕೀ ಕೊಡ್ರೀ."

"ಏನೋ ಒಂದ್ಸಲ ಆಗೋಯ್ತು ಕಣೇ. ಇನ್ಮೇಲೆ ನಿಧಾನವಾಗಿ ಓಡಿಸ್ತೀನಿ."

"ಕಾರಲ್ಲಿ ಮಗು ಇತ್ತು. ಅವಳನ್ನ ಯಾವ ಲೆಕ್ಕದಲ್ಲಿ ಪಣಕ್ಕೆ ಕಟ್ಟಿದ್ರಿ?"

ಗಿರೀಶ್ ಕೀ ಕೊಟ್ಟು, ಹಿಂದೆ ಹೋಗಿ ಮಗಳ ಪಕ್ಕ ಕೂತರು. ನಳಿನಿ ಸೀಟನ್ನು ಮುಂದಕ್ಕೆಳೆದುಕೊಂಡು ಕನ್ನಡಿ ಸರಿಮಾಡುತ್ತಿದ್ದಾಳೆ. ಮಲಗಿರುವ ಮಗಳು ಅದರಲ್ಲಿ ಕಾಣುವವರೆಗೂ ತಿರುಗಿಸುತ್ತಲೇ ಇದ್ದಾಳೆ.