ತುಳಿಯಬಾರದ ಗೆರೆ

ನನ್ನ ಹೆಂಡತಿಗೆ ಮಂಡಿನೋವು ಇರಲೇ ಇಲ್ಲ. ಬೀರೂರಿನ ನಮ್ಮ ಬೀದಿಗೆಲ್ಲ, ನೆಂಟರಿಗೆಲ್ಲ ಹಾಗೆ ಹೇಳಿ ನಂಬಿಸಿದವನು ನಾನು. ಅವಳಿಗಿರುವುದು ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದು, ದನಿ ಸಣ್ಣಗಾಗುವುದು, ಮುಖ ಸಿಟ್ಟಾದ ಹಾಗೆ ಕಾಣುವುದು ಎಲ್ಲ ಅದರದೇ ಎಂದು ಶಿವಮೊಗ್ಗದ ಡಾಕ್ಟರು ಬಿಡಿಸಿ ಹೇಳಿದ್ದರು. ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾಳೆ, ಅದು ಹಟವಲ್ಲ, ಅವಸರ ಮಾಡಬೇಡಿ ಎಂದೂ ಹೇಳಿದ್ದರು. ನಾನು ತಲೆಯಾಡಿಸಿ ಬಂದು ಅವಸರವನ್ನೇ ಮಾಡಿದೆ. ಸೈಕಲ್ ಶಾಪ್ ಇಟ್ಟಿದ್ದವನು, ನಿಂತ ಚಕ್ರವನ್ನು ನೂಕಿದರೆ ತಿರುಗುತ್ತದೆ ಅನ್ನುವಷ್ಟೇ ಗೊತ್ತಿತ್ತು.

ಜನ ಏನೆಂದಾರೋ ಎಂದು ಮದುವೆ ಮನೆಗಳಿಗೆ ಒಬ್ಬನೇ ಹೋಗಿ ಉಂಡು, ಅವಳಿಗೆ ಹೋಳಿಗೆ ಕಟ್ಟಿಸಿಕೊಂಡು ಬರುತ್ತಿದ್ದೆ. ಅದನ್ನೇ ದೊಡ್ಡ ಉಪಕಾರ ಅಂದುಕೊಂಡಿದ್ದೆ.

ಹೋದ ವರ್ಷ ಅಜ್ಜಂಪುರದಲ್ಲಿ ಅವಳ ತಂಗಿಯ ಮೊಮ್ಮಗಳಿಗೆ ನಾಮಕರಣ. ತೊಟ್ಟಿಲನ್ನು ಮೊದಲು ಅಕ್ಕನೇ ತೂಗಬೇಕೆಂದು ತಂಗಿ ಹೇಳಿಕಳಿಸಿದಳು. ಈ ಸಲ ಬಿಟ್ಟುಹೋಗಬೇಡಿ ಅಂದಳು ಇವಳು. ಕೈ ನಡುಗುತ್ತಲ್ಲ ಎಂದೆ.

"ತೂಗೋಕೆ ತಾನೇ ಕರೆದಿರೋದು? ನನ್ನ ಕೈ ಬಿಡುವಿಲ್ದೆ ತೂಗ್ತಾನೇ ಇದೆ."

ನಗು ತಡೆಯಲಾಗಲಿಲ್ಲ. ಇಬ್ಬರೂ ರೈಲು ಹತ್ತಿದೆವು.

ಅಂಗಳ ದಾಟಿದ್ದೂ ಆಯಿತು, ಹೊಸ್ತಿಲ ಮುಂದೆ ನಿಂತುಬಿಟ್ಟಳು. ಹಿಂದೆ ತಟ್ಟೆ ಹಿಡಿದ ಹೆಂಗಸರು. ಎಲ್ಲಾ ನೋಡ್ತಿದಾರೆ, ನಡಿ ಎಂದು ಕಿವಿಯಲ್ಲಿ ಗದರಿದೆ.

"ನೋಡ್ಲಿ ಬಿಡಿ. ನನ್ನ ಮಾತು ಕಾಲೂ ಕೇಳಲ್ಲ, ನೀವೂ ಕೇಳಲ್ಲ."

ಹೆಂಗಸರು ಕಿಸಕ್ಕೆಂದರು. ನಾನು ತಲೆ ತಗ್ಗಿಸಿದೆ. ಆಗ ಅಂಗಳದ ರಂಗೋಲಿ ಕಣ್ಣಿಗೆ ಬಿತ್ತು. ಅಷ್ಟಗಲದ ರಂಗೋಲಿಯ ಮೇಲೆ ಹಾದು ಬಂದಿದ್ದಳು, ಒಂದು ಎಳೆಯೂ ಅಳಿಸಿರಲಿಲ್ಲ. ರಂಗೋಲಿ ತುಳಿಯಬಾರದೆಂದು ಲಂಗ ಉಡುವ ವಯಸ್ಸಿನಲ್ಲಿ ಕಲಿತದ್ದು. ಗೆರೆ ಕಂಡರೆ ಕಾಲು ತಾನಾಗಿ ಏಳುತ್ತಿತ್ತು.

ಮೂಲೆಯಲ್ಲಿದ್ದ ರಂಗೋಲಿ ಬಟ್ಟಲು ತಂದು, ಕುಕ್ಕರುಗಾಲಲ್ಲಿ ಕೂತು ಅವಳ ಪಾದದ ಮುಂದೆ ಅಡ್ಡ ಗೆರೆ ಎಳೆದೆ. ಕಾಲು ಎದ್ದಿತು. ಹೊಸ್ತಿಲಾಚೆ ಇನ್ನೊಂದು ಎಳೆದೆ, ದಾಟಿದಳು. ನಡುಮನೆಯ ಉದ್ದಕ್ಕೂ ನಾನು ಗೆರೆ ಎಳೆಯುತ್ತಾ ಹಿಂದೆ ಹಿಂದೆ ಸರಿದೆ, ಅವಳು ದಾಟುತ್ತಾ ಬಂದಳು. ಭಾವನವರು ಯಾವಾಗ ರಂಗೋಲಿ ಕಲಿತರು ಎಂದು ಅವಳ ತಂಗಿ ರೇಗಿಸಿದಳು. ಅಲ್ಲೇ, ನೆಲದಲ್ಲಿ ಕೂತಿದ್ದ ಹಾಗೆಯೇ, ಎಲ್ಲರಿಗೂ ಕಾಯಿಲೆಯ ಹೆಸರು ಹೇಳಿದೆ. ಮಂಡಿನೋವು ನಾನು ಕಟ್ಟಿದ ಸುಳ್ಳು ಎಂದೂ ಹೇಳಿದೆ. ಒಬ್ಬ ಮುದುಕಿ, ತನ್ನ ಅಣ್ಣನಿಗೂ ಹೀಗೇ ಆಗುತ್ತಿತ್ತು, ಕುಡಿದಿದ್ದಾನೆಂದು ಬೈಯುತ್ತಿದ್ದೆವು ಎಂದಳು.

ತೊಟ್ಟಿಲು ತೂಗಿತು.

ಕೆಲವರಿಗೆ ಎದುರಿಗೊಂದು ಗೆರೆಯಿದ್ದರೆ ಹೆಜ್ಜೆ ಬರುತ್ತದೆ, ಎಲ್ಲರಿಗೂ ಅಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಈಗ ನಮ್ಮ ಬಚ್ಚಲ ಬಾಗಿಲಿಗೆ ದಿನಾ ಬೆಳಿಗ್ಗೆ ಗೆರೆ ಎಳೆಯುವುದು ನನ್ನ ಕೆಲಸ. ಸೊಟ್ಟಗಿದೆ ಎಂದು ಕೂತಲ್ಲಿಂದಲೇ ತಿದ್ದಿಸುತ್ತಾಳೆ. ಬರುವ ವಾರ ತರೀಕೆರೆಯಲ್ಲೊಂದು ಮದುವೆಯಿದೆ. ನನ್ನ ಬ್ಯಾಗಿಗೆ ರಂಗೋಲಿ ಪುಡಿ ಆಗಲೇ ಹಾಕಿಟ್ಟಿದ್ದಾಳೆ.