ಜಂಬಯ್ಯನ ಉಷ್ಣ

ಭಟ್ಟಿಯ ಮುಂದೆ ಬದುಕಿದವರಿಗೆ ಎಲ್ಲ ಕಾಯಿಲೆಗೂ ಒಂದೇ ಹೆಸರು, ಉಷ್ಣ. ಕಣ್ಣು ಉರಿದರೆ ಉಷ್ಣ, ಬಾಯಲ್ಲಿ ಹುಣ್ಣಾದರೆ ಉಷ್ಣ, ಹೆಂಡತಿ ಮೇಲೆ ರೇಗಿದರೆ ಅದೂ ಉಷ್ಣವೇ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಸುರಿದು ಅರಳಿಸುತ್ತಲೇ ತಲೆ ನರೆಸಿಕೊಂಡ ಜಂಬಯ್ಯನಿಗೆ ಈ ಹೆಸರು ಎಷ್ಟು ಒಗ್ಗಿಹೋಗಿತ್ತೆಂದರೆ, ಡಾಕ್ಟರು ಬೇರೊಂದು ಹೆಸರು ಹೇಳಿದಾಗ ಅದನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬಂದುಬಿಟ್ಟ.

ಡಾಕ್ಟರು ಹೇಳಿದ್ದು ಪ್ರಾಸ್ಟೇಟ್. ಮೂತ್ರಚೀಲದ ಬಾಯಿಗೆ ಅಂಟಿಕೊಂಡ ಗ್ರಂಥಿ, ವಯಸ್ಸಾದ ಗಂಡಸರಿಗೆ ಊದುತ್ತದೆ, ಊದಿ ದಾರಿ ಕಟ್ಟುತ್ತದೆ, ಸದ್ಯಕ್ಕೆ ಮಾತ್ರೆ ತಗೊಳ್ಳಿ, ಮುಂದೆ ಆಪರೇಷನ್ ಬೇಕಾದರೂ ಬೇಕಾಗಬಹುದು ಎಂದಿದ್ದರು. ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಜಂಬಯ್ಯನ ಜೀವ ಬಾಯಿಗೆ ಬಂತು. ಪಕ್ಕದ ಒಲೆಯ ಕೆಂಚಣ್ಣ ಹಿಂದೊಮ್ಮೆ ಹೇಳಿದ್ದ: "ಅದನ್ನ ಕೊಯ್ದ್ರು ಅಂದ್ರೆ ಮುಗೀತು ಕಣೋ. ಸಾಯೋತನಕ ಸೋರ್ತಾನೇ ಇರ್ತೈತೆ. ಒದ್ದೆ ಪಂಚೇಲೇ ತಿರುಗಾಡ್ಬೇಕು." ಕೆಂಚಣ್ಣನಿಗೆ ಇದನ್ನು ಹೇಳಿದ ಪುಣ್ಯಾತ್ಮ ಯಾರೋ, ಅದು ಕೆಂಚಣ್ಣನಿಗೇ ನೆನಪಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಉಡಚಮ್ಮ ಕೇಳಿದಳು, "ಏನಂದ್ರು?"

"ಉಷ್ಣ ಅಂದ್ರು," ಎಂದ ಜಂಬಯ್ಯ. ಮುಂದಿನ ಅನಾಹುತಕ್ಕೆಲ್ಲ ಈ ಎರಡು ಮಾತೇ ಮೂಲ.

ಮಾತ್ರೆಯನ್ನು ಅವನು ಕೊಳ್ಳಲೇ ಇಲ್ಲ. ಫೋನಿನ ವಿಡಿಯೋದಲ್ಲಿ ಯಾರೋ ಹೇಳಿದರೆಂದು ಕುಂಬಳಬೀಜ ಜಗಿದ, ಬಾಳೆದಿಂಡಿನ ರಸ ಕುಡಿದ, ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿಕೊಂಡ. ಮೊದಮೊದಲು ಹಗುರಾದಂತೆ ಅನ್ನಿಸಿದ್ದು ಸುಳ್ಳಲ್ಲ. ಅಬ್ಬಾ, ಗೆದ್ದೆ ಅಂದುಕೊಂಡ. ಆಮೇಲೆ ಮತ್ತೆ ಅದೇ ಪಾಡು. ಬಚ್ಚಲಲ್ಲಿ ಗೋಡೆಗೆ ಹಣೆ ಒತ್ತಿ, ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳಿಸಿಕೊಳ್ಳುತ್ತ, "ಬಾರಪ್ಪಾ, ಬಾ ನಮ್ಮಪ್ಪ" ಎಂದು ತನ್ನ ಮೈಯನ್ನೇ ಬೇಡಿಕೊಳ್ಳುತ್ತಿದ್ದ. ಬರುತ್ತಿದ್ದುದು ನಾಲ್ಕು ಹನಿ. ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಮತ್ತೆ ಅವಸರ. ಕಡೆಗೆ ಒಲೆ ಮುಂದೆ ಬೆಂದರೂ ನೀರು ಕುಡಿಯುವುದನ್ನೇ ಬಿಟ್ಟ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಆದರೂ ಚೊಂಬು ಮುಟ್ಟಲಿಲ್ಲ. ಹೀಗೇ ಬದುಕುವುದಾದರೆ ಯಾಕಾದರೂ ಬದುಕಬೇಕು ಎಂದು ಬಾಯಿಬಿಟ್ಟು ಅಂದುಕೊಂಡದ್ದೂ ಉಂಟು.

ಉಡಚಮ್ಮನಿಗೆ ನೋಡಲಾಗಲಿಲ್ಲ. "ಗುತ್ತೂರಿಗೆ ಹೋಗಣ ನಡೀರಿ. ನಮ್ಮ ಗಿರಿಯಮ್ಮ ಚಿಕ್ಕಮ್ಮ ಉಷ್ಣಕ್ಕೆ ಕಷಾಯ ಕೊಡ್ತಾಳೆ, ಎಷ್ಟು ಜನಕ್ಕೆ ವಾಸಿ ಆಗೈತೆ."

ಹರಿಹರದ ಪಕ್ಕದ ಗುತ್ತೂರಿನಲ್ಲಿ ಗಿರಿಯಮ್ಮ ನಾರುಬೇರು ಕೊಡುವ ಹೆಂಗಸು. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಹೆಂಡತಿಗೆ ಚಿಕ್ಕಮ್ಮ ಎಂದರೆ ಜಂಬಯ್ಯನಿಗೆ ಅತ್ತೆ. ಅತ್ತೆಯ ಎದುರು ಕಾಲು ಚಾಚಿ ಕೂತವನಲ್ಲ, ಎಲೆಯ ಮುಂದೆ ಇನ್ನೊಂದು ರೊಟ್ಟಿ ಬೇಕೆಂದು ಬಾಯಿಬಿಟ್ಟು ಕೇಳಿದವನೂ ಅಲ್ಲ. ಅಂಥ ಅಳಿಯ ಈಗ ಏನನ್ನು ಹೇಳಬೇಕಿತ್ತು ನೋಡಿ!

"ಉರೀತೈತೋ, ಕಟ್ತೈತೋ? ಅಳಿಯಂದ್ರೆ, ಎರಡೂ ಬೇರೆ ಬೇರೆ. ಸರಿಯಾಗಿ ಹೇಳ್ರಿ," ಎಂದಳು ಗಿರಿಯಮ್ಮ.

ಜಂಬಯ್ಯ ನೆಲ ನೋಡಿದ. "ಉರಿ ಅಷ್ಟೇ, ಅತ್ತೆ."

"ನೀರು ಸಲೀಸಾಗಿ ಹೋಗ್ತೈತೇನ್ರಿ?"

ಅವನ ಕಿವಿ ಕೆಂಪಾಯಿತು. "ಹೋಗ್ತೈತ್ರಿ."

ಮುದುಕಿ ಇನ್ನೂ ಒಂದು ಸಲ ಕೇಳಿದಳು. ಇವನು ಇನ್ನೂ ಒಂದು ಸಲ ಹೋಗುತ್ತದೆ ಎಂದ. ಅವಳು ಅವನ ಮುಖವನ್ನೇ ತುಸು ಹೊತ್ತು ನೋಡಿ ಒಳಗೆ ಹೋದಳು. ನೆಗ್ಗಿನಮುಳ್ಳಿನ ಕಷಾಯ ಕುದಿಸಿ, ದೊಡ್ಡ ಲೋಟದ ತುಂಬ ತಂದು, ಮೇಲೆ ಧಾರಾಳವಾಗಿ ನೀರು ಕುಡಿಯಿರಿ, ಉರಿಯೆಲ್ಲ ತೊಳೆದುಹೋಗುತ್ತದೆ ಎಂದಳು. ಅಳಿಯ ಬಂದಿದ್ದಾನೆಂದರೆ ಓಣಿ ಸುಮ್ಮನಿರುತ್ತದೆಯೇ? ಒಂದು ಮನೆಯಲ್ಲಿ ಮಜ್ಜಿಗೆ, ಇನ್ನೊಂದು ಮನೆಯಲ್ಲಿ ಎಳನೀರು, ಮತ್ತೊಂದರಲ್ಲಿ ಚಾ. ಬೇಡವೆಂದರೆ ಅವರಿಗೆ ಅವಮಾನ. ಬಚ್ಚಲು ಎಲ್ಲಿದೆ ಎಂದು ಕೇಳಿದರೆ ತನಗೆ ಅವಮಾನ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಎಲ್ಲವನ್ನೂ ಕುಡಿದು, ಎಲ್ಲರಿಗೂ ಕೈಮುಗಿದು ಎದ್ದ.

ಹರಿಹರದ ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಿ ನಿಂತಾಗ ಒಂದು ಹನಿಯೂ ಬರಲಿಲ್ಲ. ತಿಣುಕಿದ, ಬಗ್ಗಿದ, ಇದ್ದಬದ್ದ ದೇವರನ್ನೆಲ್ಲ ನೆನೆದ. ಹೊರಗಿನಿಂದ ಯಾರೋ ಬಾಗಿಲು ಬಡಿದರು. ದಾವಣಗೆರೆ ಬಸ್ಸು ಹತ್ತುವ ಹೊತ್ತಿಗೆ ಹೊಕ್ಕುಳ ಕೆಳಗೆ ಕಲ್ಲು ಕಟ್ಟಿದಂತಾಗಿತ್ತು. ಬಸ್ಸು ಕುಲುಕಿದಾಗೆಲ್ಲ ಕಣ್ಣಿಗೆ ಕತ್ತಲೆ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತ. ಉಡಚಮ್ಮ ಸೆರಗಿನಿಂದ ಅವನ ಬೆವರು ಒರೆಸಿದಳು.

"ಉಷ್ಣಕ್ಕೆ ಹಿಂಗೂ ಆಗ್ತೈತೇನ್ರಿ?"

"ಉಷ್ಣ ಅಲ್ಲ ಕಣೇ!" ಜಂಬಯ್ಯ ಚೀರಿಬಿಟ್ಟ. "ಉಚ್ಚೆ ಕಟ್ಟೈತೆ. ಡಾಕ್ಟ್ರು ಅವತ್ತೇ ಹೇಳಿದ್ರು, ನಾನೇ ಸುಳ್ಳು ಹೇಳ್ದೆ. ನಾನಿನ್ನು ಉಳಿಯಲ್ಲ, ಉಡಚಿ."

ಇಡೀ ಬಸ್ಸು ತಿರುಗಿ ನೋಡಿತು. ಇಷ್ಟು ದಿನ ಕಾಪಾಡಿಕೊಂಡು ಬಂದ ಮಾನ ಒಂದೇ ಉಸಿರಿಗೆ ಹೋಯಿತು. ಉಡಚಮ್ಮ ಬೈಯಲಿಲ್ಲ. ಎದ್ದು ನಿಂತು, "ಕಂಡಕ್ಟ್ರೇ, ಎಲ್ಲೂ ನಿಲ್ಲಿಸ್ಬ್ಯಾಡ್ರಿ, ನಮ್ಮನೆಯವ್ರಿಗೆ ಉಚ್ಚೆ ಕಟ್ಟೈತೆ, ಆಸ್ಪತ್ರೆ ಹತ್ರ ಇಳಿಸ್ರಿ!" ಎಂದು ಕೂಗಿದಳು.

ಆಸ್ಪತ್ರೆಯಲ್ಲಿ ಸಿಕ್ಕಿದ ಡಾಕ್ಟರು ಸುಮೈರಾ, ಮಗಳ ವಯಸ್ಸಿನವಳು. ಇವನಿಗೆ ನಾಚಿಕೊಳ್ಳಲೂ ಶಕ್ತಿ ಉಳಿದಿರಲಿಲ್ಲ. ಅವಳು ನಳಿಕೆ ಹಾಕಿದಳು. ನಳಿಕೆಯ ತುದಿಯ ಚೀಲ ತುಂಬುತ್ತ ಹೋದಂತೆ ಜಂಬಯ್ಯ ಮಗುವಿನ ಹಾಗೆ ಅತ್ತ.

"ಕಟ್ಟಿಕೊಂಡ ಉಚ್ಚೆ ಹಿಂದಕ್ಕೆ ಒತ್ತಿ ಎರಡೂ ಕಿಡ್ನಿ ಊದಿವೆ," ಎಂದಳು ಸುಮೈರಾ. "ಎಷ್ಟು ಸರಿಹೋಗುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ. ಕಾಯಬೇಕು. ಆಮೇಲೆ ಆಪರೇಷನ್."

"ಸೊಪ್ಪುಸದೆಯಿಂದ ಏನೂ ಆಗಲ್ವೇನವ್ವಾ?" ಉಡಚಮ್ಮ ಕೇಳಿದಳು.

"ಕೆಲವರಿಗೆ ಸ್ವಲ್ಪ ಹಗುರ ಅನ್ನಿಸಬಹುದು ಅಮ್ಮಾ. ಆದರೆ ಇಷ್ಟು ಬೆಳೆದ ಗ್ರಂಥಿ ಅದರಿಂದ ಕರಗಲ್ಲ. ನೀವು ಕುಡಿಸಿದ್ದು ಉಚ್ಚೆ ಹೆಚ್ಚು ಮಾಡೋ ಕಷಾಯ. ಬಾಗಿಲೇ ಮುಚ್ಚಿರುವಾಗ ಒಳಗೆ ನೀರು ತುಂಬಿಸಿದ ಹಾಗಾಯ್ತು." ಆಪರೇಷನ್ ಆದವರಿಗೆ ಸಾಯುವತನಕ ಸೋರುತ್ತದಂತಲ್ಲ ಎಂದು ಜಂಬಯ್ಯ ಪಿಸುಗುಟ್ಟಿದ. ಹಾಗೆ ಆಗುವುದು ತೀರ ಅಪರೂಪ ಎಂದಳು ಅವಳು. ಕೆಂಚಣ್ಣನ ಒಂದು ಮಾತಿಗೆ ತನ್ನ ಎರಡು ಕಿಡ್ನಿ ಒತ್ತೆ ಇಟ್ಟೆನಲ್ಲ ಎಂದು ಅವನ ಹೊಟ್ಟೆ ಉರಿಯಿತು.

ಮರುದಿನ ಗಿರಿಯಮ್ಮ ಬಂದಳು. ಮಂಚದ ಪಕ್ಕ ನಿಂತು, ತೂಗುಬಿದ್ದ ಚೀಲವನ್ನು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡಳು.

"ನಿಮ್ಮ ಮಾವನೂ ನಂಗೆ ಉಷ್ಣ ಅಂತಾನೇ ಹೇಳಿದ್ರು. ಕಟ್ಟಿಕೊಂಡ ಹೆಂಡ್ತಿಗೂ ಹೇಳಕ್ಕೆ ನಾಚಿಕೆ. ಇದೇ ಕಷಾಯನ ನಾನೇ ಕುದಿಸಿ ಕುದಿಸಿ ಕುಡಿಸ್ದೆ. ಅದಕ್ಕೇ ನಿಮ್ಮನ್ನ ಅಷ್ಟು ಸಲ ಕೇಳಿದ್ದು, ಅಳಿಯಂದ್ರೆ. ಕಟ್ತೈತೆ ಅಂದಿದ್ರೆ ಒಂದೆಲೆನೂ ಕೊಡ್ತಿರ್ಲಿಲ್ಲ, ಎತ್ತಿ ಆಟೋದಾಗ ಹಾಕ್ತಿದ್ದೆ."

ಜಂಬಯ್ಯ ಅವಳ ಕಾಲಿನ ಕಡೆ ಕೈಚಾಚಿದ. ಅವಳು ಹಿಂದೆ ಸರಿದು ಆ ಕೈ ಹಿಡಿದುಕೊಂಡಳು.

ಸಂಜೆ ಕೆಂಚಣ್ಣ ಬಂದ. ಹಣ್ಣಿನ ಚೀಲ ಕೊಟ್ಟ, ಭಟ್ಟಿಯ ಸುದ್ದಿ ಹೇಳಿದ. ಕೂತವನು ಎದ್ದು ಹೊರಗೆ ಹೋದ, ಬಂದ, ಮತ್ತೆ ಹೋದ. ತಿರುಗಿ ಬಂದು, ಹೆಂಗಸರು ಆ ಕಡೆ ನೋಡುತ್ತಿದ್ದಾಗ ಜಂಬಯ್ಯನ ಕಿವಿಯ ಹತ್ತಿರ ಬಗ್ಗಿದ.

"ಆ ಗುತ್ತೂರಿನ ಕಷಾಯ ಇನ್ನೂ ಮಿಕ್ಕೈತೇನೋ? ಇದ್ರೆ ಒಂಚೂರು ಕೊಡು. ನಂಗೂ ಯಾಕೋ ಉಷ್ಣ ಆಗೈತೆ."

ಜಂಬಯ್ಯ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದ. ಕೆಂಚಣ್ಣ ಕೊಸರಿದರೂ ಬಿಡಲಿಲ್ಲ. ಅತ್ತೆ ಇದ್ದಳು, ಹೆಂಡತಿ ಇದ್ದಳು, ವಾರ್ಡಿನ ತುಂಬ ಜನ ಇದ್ದರು.

"ಡಾಕ್ಟ್ರಮ್ಮಾ, ಇಲ್ಲಿ ಬರ್ರಿ!" ಎಂದು ಕೂಗಿದ. "ಇವನಿಗೂ ಉಚ್ಚೆ ಕಟ್ಟೈತೆ!"